ಭುವನೇಶ್ವರಿಯ ಎಪಿಸೋಡು

ಆ ಪತ್ತೇದಾರಿ ಧಾರಾವಾಹಿಯಲ್ಲಿ ಹೆಣದ ತಲೆಗೂದಲೂ ಕೆದರಿರುವುದಿಲ್ಲ. ರಕ್ತ ಕಂಡರೆ ತಲೆ ತಿರುಗುವ ಮಂದಿ ಉಣ್ಣುತ್ತ ನೋಡಬೇಕಂತೆ, ಅದಕ್ಕೇ ಅದರಲ್ಲಿ ಎಲ್ಲರೂ ನಿದ್ದೆ ಹೋದ ಹಾಗೆ ಸಾಯುತ್ತಾರೆ. ಪುಣೆಯ ಯೆರವಡಾದ ನಮ್ಮ ವಸ್ತಿಯಲ್ಲಿ ಅದನ್ನು ನೋಡದ ಮನೆಯಿಲ್ಲ. ನಾನೂ ನೋಡುತ್ತಿದ್ದೆ, ನನ್ನ ಕಣ್ಣಿಗೆ ಮಣ್ಣು ಬೀಳಲಿ.

ಅದನ್ನು ಬರೆಯುವವಳು ನೀಲಿಮಾ, ಹುಬ್ಬಳ್ಳಿ ಕಡೆಯವಳು. ಮಗರಪಟ್ಟಾದ ಅವಳ ಮನೆಯಲ್ಲಿ ಮುಸುರೆ ತಿಕ್ಕುವವಳು ನಮ್ಮ ಪಕ್ಕದ ಮನೆಯ ಮರೆಮ್ಮ. ಮರೆಮ್ಮನ ಒಬ್ಬಳೇ ಮಗಳು ಭುವನೇಶ್ವರಿ ಬಚ್ಚಲಲ್ಲಿ ಜಾರಿ ಬಿದ್ದು ಸತ್ತಳು ಎಂದು ಅಳಿಯ ಅಂಬಾದಾಸ ಹೇಳಿದ, ಪೊಲೀಸರೂ ಹಾಗೇ ಬರೆದುಕೊಂಡರು. ಹೆಣಕ್ಕೆ ನೀರು ಹಾಕಿದವರು ಮರೆಮ್ಮ ಮತ್ತು ನಾನು. ಬೆನ್ನ ತುಂಬ ಬೆಲ್ಟಿನ ಬಾಸುಂಡೆ. ಬಚ್ಚಲಿಗೆ ಬೆಲ್ಟು ಇರುತ್ತದೇನು?

ಹೆಂಗಸರ ಮಾತು ಯಾರಿಗೆ ಬೇಕು! ಕೊನೆಗೆ ನಮ್ಮ ಸಮಾಜದ ಹಿರಿಯ ಹಣಮಂತ್ರಾಯ ಒಂದು ದಾರಿ ಹೇಳಿದ. ಅಂಬಾದಾಸ ಜೇಜುರಿಯ ಗುಡಿಗೆ ಹೋಗಿ, ದೇವರ ಭಂಡಾರದ ಅರಿಶಿನ ಕೈಯಲ್ಲಿ ಹಿಡಿದು, ತಾನು ಹೊಡೆದಿಲ್ಲ ಎಂದು ಆಣೆ ಮಾಡಬೇಕು. ಅಲ್ಲಿಯ ತನಕ ಅವನಿಗೆ ಯಾರೂ ಹೆಣ್ಣು ಕೊಡಕೂಡದು. ಆ ಅರಿಶಿನ ಹಿಡಿದು ಸುಳ್ಳು ಹೇಳಿದರೆ ವಂಶ ಉಳಿಯುವುದಿಲ್ಲ ಎಂದು ನಮ್ಮಲ್ಲಿ ಎಂಥ ಪುಂಡನೂ ಅಂಜುತ್ತಾನೆ. ಇವನು ಇವತ್ತು ಜ್ವರ, ನಾಳೆ ಸ್ಲ್ಯಾಬಿನ ಕೆಲಸ ಎಂದು ದಿನ ದೂಡತೊಡಗಿದ.

ಮರೆಮ್ಮ ನೀಲಿಮಾಳ ಮುಂದೆ ಕೂತು ಎಲ್ಲ ಹೇಳಿಕೊಂಡಳು. ಟಿವಿಯಲ್ಲಿ ಬಂದರೆ ಅವನು ಅಂಜಿ ಬಾಯಿ ಬಿಡುತ್ತಾನೆ ಎಂಬ ಆಸೆ ಪಾಪದವಳಿಗೆ. ನೀಲಿಮಾ ಕಣ್ಣೀರು ಹಾಕಿ, ಬರೆಯುತ್ತೇನೆ ಎಂದಳು. ಮರೆಮ್ಮ ಮನೆಮನೆಗೆ ಹೋಗಿ, ನನ್ನ ಮಗಳ ಕತೆ ಬರುತ್ತದೆ ನೋಡಿ ಎಂದು ಕರೆದಳು. ಹಣಮಂತ್ರಾಯನ ದೊಡ್ಡ ಟಿವಿಯ ಮುಂದೆ ಇಡೀ ವಸ್ತಿ ನೆರೆಯಿತು. ಅಂಬಾದಾಸನೂ ಬಾಗಿಲ ಹತ್ತಿರ ನಿಂತಿದ್ದ, ಮುಖ ಬಿಳಿಚಿತ್ತು.

ಬಚ್ಚಲು ತೋರಿಸಿದರು, ಸೋಪು ತೋರಿಸಿದರು, ಬೆನ್ನು ತೋರಿಸಲಿಲ್ಲ. ಎಲ್ಲರೂ ಗಂಡನ ಮೇಲೆ ಬೆರಳು ಮಾಡಿದರು. ಪತ್ತೇದಾರ ಬಂದು ಸೋಪಿನ ಚೂರು ಹುಡುಕಿ ತೆಗೆದು, ಗಂಡ ನಿರಪರಾಧಿ ಎಂದ. ಟಿವಿಯ ಅತ್ತೆ ಅಳಿಯನಿಗೆ ಕೈ ಮುಗಿದು ತಪ್ಪಾಯಿತು ಎಂದಳು. ಬಾಗಿಲ ಹತ್ತಿರದವನ ಮುಖಕ್ಕೆ ಬಣ್ಣ ಬಂತು.

ಮರುದಿನ ನೀಲಿಮಾಳನ್ನು ಕೇಳಲು ನಾನೂ ಹೋದೆ. ಬಾಸುಂಡೆ ಬರೆದದ್ದನ್ನು ಚಾನೆಲ್‌ನವರು ವಾಪಸ್ ಕಳಿಸಿದರಂತೆ, ನೋಡುವವರಿಗೆ ಹೊಟ್ಟೆ ತೊಳಸುತ್ತದಂತೆ.

“ಹೆಸರು ಬದಲಿ ಮಾಡೀನಲ್ಲ ಮರೆಮ್ಮಾ, ನಿನ್ನ ಮಗಳದಂತ ಯಾರಿಗೆ ಗೊತ್ತಾಗ್ತದ?” ಎಂದಳು.

ಗೊತ್ತಾಗದೆ ಏನು, ಊರಿಗೆಲ್ಲ ಡಂಗುರ ಸಾರಿದವಳು ಮರೆಮ್ಮನೇ. ಭಾನುವಾರ ಪಂಚರು ಸೇರಿದಾಗ ಹಣಮಂತ್ರಾಯ ಅದನ್ನೇ ಹಿಡಿದ.

“ನಿನ್ನ ಮಗಳ ಕತಿ ಅಂತ ನೀನೇ ಕರದಿ. ಅದರಾಗೇ ಖರೆ ಏನಂತ ಬಂತು. ಇನ್ನ ಭಂಡಾರ ಯಾಕ ಮುಟ್ಟಸೋದು?”

ಬೆನ್ನು ನಾನು ಕಣ್ಣಾರೆ ನೋಡಿದ್ದೇನೆ ಎಂದು ಎದ್ದೆ. ದುರ್ಗಾ, ಸುಮ್ಮನೆ ಕೂಡು ಎಂದು ಗಂಡಸರು ಗದರಿದರು. ಟಿವಿಯಲ್ಲಿ ಅತ್ತೆ ಮಾಡಿದ ಹಾಗೆ ಮರೆಮ್ಮ ಮಾಡಿದರೆ ಜಗಳ ತೀರಿತು ಎಂದರು. ಅವಳು ಸೆರಗು ಸರಿಮಾಡಿಕೊಂಡು ಎದ್ದಳು. ಆಮೇಲೆ ಅಂಬಾದಾಸನಿಗೆ ಕೈ ಮುಗಿದಳು.

“ಇರ್ಲಿ ಬಿಡು ಅತ್ತಿ, ಸಂಕಟದಾಗ ಅಂದಿ,” ಎಂದ ಅವನು.

ಎಂಥ ದೊಡ್ಡ ಮನಸ್ಸು ಎಂದು ಮಂದಿ ಹೊಗಳಿದರು. ಥೂ, ನನಗೆ ಅವನ ಮುಖಕ್ಕೆ ಉಗಿಯಬೇಕೆನಿಸಿತು. ಅಷ್ಟರಲ್ಲಿ ಚಹಾ ಬಂತು. ಪಂಚರಲ್ಲೊಬ್ಬನಾದ ಮಾಂತು ಒಂದು ಕಪ್ಪು ಅಂಬಾದಾಸನಿಗೆ ಕೊಟ್ಟು ಪಕ್ಕದಲ್ಲೇ ಕೂತು, ನಮ್ಮ ಮನೆಯಲ್ಲೂ ಲಗ್ನಕ್ಕೆ ಬಂದ ತಂಗಿ ಇದ್ದಾಳೆ ಎಂದ.