ಒಂಬತ್ತನೇ ಮಳಿಗೆಯ ಷಟರು

ನಾನೊಂದು ಷಟರು. ಅಂಗಡಿ ಬಾಗಿಲಿಗೆ ಹಾಕುವ ಕಬ್ಬಿಣದ ಷಟರು. ನನಗೆ ಗೊತ್ತಿರುವ ಕೆಲಸ ಎರಡೇ: ಮೇಲೆ ಹೋಗೋದು, ಕೆಳಗೆ ಬರೋದು. ಇಷ್ಟಕ್ಕೂ ಒಂದು ಆತ್ಮಕಥೆ ಬೇಕಾ ಅಂತ ನೀವು ನಗಬಹುದು. ನಗಿ, ನನಗೇನು. ಆದರೆ ನಾನು ಒಂದು ದಿನ ತಕರಾರಿಲ್ಲದೆ ಕೆಳಗೆ ಬಂದದ್ದಕ್ಕೆ ಒಬ್ಬ ಹೆಂಗಸಿನ ಬದುಕೇ ಬೀದಿಗೆ ಬಿತ್ತು. ಅದನ್ನು ಹೇಳದೆ ಕುಲುಮೆಗೆ ಹೋಗೋಕೆ ನನಗೆ ಮನಸ್ಸಿಲ್ಲ.

ನಾನು ಹುಟ್ಟಿದ್ದು ಊರಾಚೆಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ. ತಗಡನ್ನು ಉದ್ದುದ್ದ ಪಟ್ಟಿ ಕತ್ತರಿಸಿ, ಅಂಚು ಮಡಿಸಿ, ಒಂದರೊಳಗೊಂದು ಜಾರಿಸಿ ನನ್ನನ್ನು ಜೋಡಿಸಿದವರು ಇಮಾಮ್ ಸಾಬರು. ಸ್ಪ್ರಿಂಗು ಕೂರಿಸಿ, ನಾಲ್ಕು ಸಲ ಮೇಲೆ ಕೆಳಗೆ ಆಡಿಸಿ ನೋಡಿ, "ಹೋಗಪ್ಪ, ಯಾರದಾದ್ರೂ ಅನ್ನದ ಬಾಗಿಲಾಗು" ಅಂದರು. ಹಸಿರು ಬಣ್ಣ ಬಳಿದು ಶಾರದಾಂಬ ಬಡಾವಣೆಗೆ ಕಳಿಸಿದರು.

ಅಲ್ಲಿ ಆಗತಾನೇ ಶಾಪಿಂಗ್ ಕಾಂಪ್ಲೆಕ್ಸ್ ಎದ್ದಿತ್ತು. ಹೆಸರು ದೊಡ್ಡದು, ಕಟ್ಟಡ ಮಾತ್ರ ಒಂದೇ ಅಂತಸ್ತು. ನಡುವೆ ಒಂದು ಹೊಂಗೆ ಮರ, ಅದರ ಮೂರು ಕಡೆ ಇಪ್ಪತ್ತನಾಲ್ಕು ಮಳಿಗೆ. ಎಲ್ಲವೂ ನಗರದ ಅಭಿವೃದ್ಧಿ ಕಚೇರಿಗೆ ಸೇರಿದ್ದು; ಅಂಗಡಿಯವರೆಲ್ಲ ಬಾಡಿಗೆಯವರು. ನನ್ನನ್ನು ಒಂಬತ್ತನೇ ನಂಬರಿಗೆ ಕೂರಿಸಿದರು.

ಮೊದಲ ಯಜಮಾನ ಸೈಕಲ್ ಶಾಪಿನ ಲಿಂಗರಾಜು. ಮಹಾ ಸೋಮಾರಿ. ಹತ್ತೂವರೆಗೆ ಮೊದಲು ನನ್ನನ್ನು ಎತ್ತಿದ್ದೇ ಇಲ್ಲ. ಒಂದು ಸಲ ಗ್ಯಾಸಿನ ಆಟೋ ಹಿಂದಕ್ಕೆ ಬಂದು ನನ್ನ ಎಡಗಡೆಗೆ ಗುದ್ದಿ, ನಾನು ಜಾರುವ ಚಾನೆಲ್ಲು ಸೊಟ್ಟಗಾಯಿತು. ಅವನು ಅದನ್ನು ಸರಿ ಮಾಡಿಸಲೂ ಇಲ್ಲ. ಅವತ್ತಿನಿಂದ ನನಗೆ ಒಂದು ಚಾಳಿ ಅಂಟಿಕೊಂಡಿತು: ಕೆಳಗೆ ಬರುವಾಗ ಮೊಣಕಾಲಿನ ಎತ್ತರಕ್ಕೆ ಬಂದು ಗಕ್ಕನೆ ನಿಂತುಬಿಡೋದು. ಆಮೇಲೆ ಯಾರಪ್ಪ ಬಂದರೂ ಕದಲೋದಿಲ್ಲ.

ಲಿಂಗರಾಜು ಅಂಗಡಿ ಬಿಟ್ಟ ಮೇಲೆ ಗಂಗಾಧರಯ್ಯ ಬಂದರು, ಹಿಟ್ಟಿನ ಗಿರಣಿ ಹಾಕಿದರು. ಆರೇ ವರ್ಷಕ್ಕೆ ಅವರು ತೀರಿಕೊಂಡರು. ಹದಿಮೂರನೇ ದಿನ ಕಳೆದದ್ದೇ ಅವರ ಹೆಂಡತಿ ಚೆನ್ನಾಜಮ್ಮ ಬಂದು ನನ್ನ ಬೀಗ ತೆಗೆದಳು. ನನ್ನ ಹಿಡಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ನನ್ನನ್ನು ಎತ್ತಿದಳು. ಆಮೇಲೆ ಹತ್ತೊಂಬತ್ತು ವರ್ಷ, ಒಂದು ದಿನವೂ ಆ ನಮಸ್ಕಾರ ತಪ್ಪಲಿಲ್ಲ. ಬೆಳಿಗ್ಗೆ ನಮಸ್ಕಾರ, ಸಂಜೆ ಬೈಗುಳ. ಸಂಜೆ ನಾನು ಸಿಕ್ಕಿಹಾಕಿಕೊಳ್ಳುತ್ತಿದ್ದೆನಲ್ಲ! "ಥೂ, ನಿನ್ನ ಹಟಕ್ಕಿಷ್ಟು ಬೆಂಕಿ ಹಾಕ! ನಮ್ಮತ್ತೇನೂ ನಿನ್ನಷ್ಟು ಕಾಡಿರಲಿಲ್ಲ" ಅಂತ ಒಂದು ಒದೆ ಕೊಡೋಳು. ಕೆಲವು ದಿನ ಒದೆಗೂ ಬಗ್ಗುತ್ತಿರಲಿಲ್ಲ. ಪಕ್ಕದಂಗಡಿಯ ಟೈಲರ್ ಮುನೀರಣ್ಣ ಸುತ್ತಿಗೆ ತರಬೇಕಿತ್ತು. ಅವನು ಬಡಿದೂ ಬಡಿದೂ ಸೋತು, "ಇರಲಿ ಬಿಡಕ್ಕ, ಹಿಟ್ಟು ಕದಿಯೋಕೆ ಯಾರು ಬರ್ತಾರೆ" ಅಂದು ಅರ್ಧ ತೆಗೆದೇ ಬಿಟ್ಟುಹೋದ ದಿನಗಳೂ ಉಂಟು.

ಇಡೀ ಬಡಾವಣೆ ಅವಳ ಗಿರಣಿಗೆ ಬರುತ್ತಿತ್ತು. ಬೆಳಿಗ್ಗೆ ಗೋಧಿ, ಮಧ್ಯಾಹ್ನದ ಮೇಲೆ ರಾಗಿ, ಗುರುವಾರ ಮಾತ್ರ ಮೆಣಸಿನಕಾಯಿ. ಶುಕ್ರವಾರ ಮೊದಲು ಬಂದವರ ಚಪಾತಿ ಖಾರವಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಅವತ್ತು ಅವಳು ಮೊದಲು ತನ್ನ ಮನೆಯ ಅಕ್ಕಿ ಹಾಕಿ ಕಲ್ಲು ತೊಳೆದುಕೊಳ್ಳುತ್ತಿದ್ದಳು. ಆ ಖಾರದ ರೊಟ್ಟಿ ತಿಂದೇ ಅವಳ ಇಬ್ಬರು ಹೆಣ್ಣುಮಕ್ಕಳು ಬೆಳೆದು ಮದುವೆಯಾಗಿ ಹೋದರು.

ಆಮೇಲೆ ಕಚೇರಿಯವರು ಒಂದು ಸುದ್ದಿ ಹೊರಡಿಸಿದರು. ಕಾಂಪ್ಲೆಕ್ಸ್ ಹಳೆಯದಾಯಿತು, ಒಡೆದು ಹದಿನಾಲ್ಕು ಅಂತಸ್ತು ಕಟ್ಟುತ್ತೇವೆ; ಕೆಳಗೆ ಗಾಜಿನ ಮಳಿಗೆಗಳು, ಮೇಲೆ ಮುನ್ನೂರು ಮನೆ. ಗಾಜಿನ ಮಳಿಗೆಯಲ್ಲಿ ಗಿರಣಿ, ವೆಲ್ಡಿಂಗು, ಮೀನು ಇಂಥವಕ್ಕೆ ಜಾಗವಿಲ್ಲ ಅಂತ ಅದರಲ್ಲೇ ಬರೆದಿತ್ತು. ಅಂದರೆ ಕಟ್ಟಡ ಎದ್ದರೆ ಚೆನ್ನಾಜಮ್ಮ ಎದ್ದುಹೋಗಬೇಕು. ಇದು ನನಗೂ ಅರ್ಥವಾಯಿತು.

ಬಡಾವಣೆಯವರು ರೊಚ್ಚಿಗೆದ್ದರು. ಹೊಂಗೆ ಮರದ ಕೆಳಗೆ, ನನ್ನ ಕಣ್ಣೆದುರಿಗೇ, ನಿವಾಸಿಗಳ ಸಂಘದ ಸಭೆ ಸೇರಿತು. ಒಬ್ಬರಿಗೆ ಸೋಲಾರಿಗೆ ಬಿಸಿಲು ಬರಲ್ಲ ಅನ್ನೋ ಚಿಂತೆ. ಇನ್ನೊಬ್ಬರಿಗೆ ಮುನ್ನೂರು ಮನೆಯ ಕಾರು ಎಲ್ಲಿ ನಿಲ್ಲುತ್ತವೆ ಅನ್ನೋ ಚಿಂತೆ. ನಲ್ಲಿ ನೀರು ಈಗಲೇ ಎರಡು ದಿನಕ್ಕೊಮ್ಮೆ ಅಂದರು ಮತ್ತೊಬ್ಬರು. ಎಲ್ಲವೂ ನಿಜವೇ, ಸುಳ್ಳು ಅನ್ನೋಲ್ಲ. ಆದರೆ ಬ್ಯಾನರಿನ ಮೇಲೆ ಬರೆಸಿದ್ದು ಮಾತ್ರ 'ಬಡ ವ್ಯಾಪಾರಿಗಳನ್ನು ಉಳಿಸಿ' ಅಂತ. ಅದನ್ನು ಓದಿ ಚೆನ್ನಾಜಮ್ಮನ ಕಣ್ಣು ತುಂಬಿತು. ನನಗೂ ಎದೆ ಉಬ್ಬಿತು, ಪೆದ್ದುಮುಂಡೇದು ನಾನು.

ಸಂಘದ ಅಧ್ಯಕ್ಷರು ಪ್ರಭುಸ್ವಾಮಿ ಮೇಷ್ಟ್ರು. ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಅಧಿಕಾರಿಗಳು ಸ್ಥಳ ಪರಿಶೀಲನೆಗೆ ಬುಧವಾರ ಬರುತ್ತಾರೆ ಅಂತ ಗೊತ್ತಾದ ಕೂಡಲೇ ಅಂಗಡಿಯವರನ್ನೆಲ್ಲ ಕರೆದರು.

"ಬುಧವಾರ ಸಂಪೂರ್ಣ ಬಂದ್. ಒಂದು ಷಟರೂ ತೆಗೆಯಕೂಡದು. ಅವರು ಬಂದು ನೋಡಲಿ ನಮ್ಮ ಒಗ್ಗಟ್ಟು!"

ಎಲ್ಲರೂ ಚಪ್ಪಾಳೆ ತಟ್ಟಿದರು. ಚೆನ್ನಾಜಮ್ಮ ಒಬ್ಬಳು ಎದ್ದು ನಿಂತಳು.

"ಮೇಷ್ಟ್ರೇ, ಒಂದು ಮಾತು. ಬಾಗಿಲು ಹಾಕ್ಕೊಂಡ್ರೆ ನಾವು ಇಲ್ಲಿ ಬದುಕ್ತಾ ಇದ್ದೀವಿ ಅಂತ ಅವರಿಗೆ ಹೆಂಗೆ ಗೊತ್ತಾಗುತ್ತೆ? ಅವತ್ತು ಎಲ್ಲಾ ತೆಗೆದಿಡೋಣ. ಡಬ್ಬ ಇಟ್ಕೊಂಡು ಜನ ಕ್ಯೂ ನಿಂತಿರೋದು ನೋಡ್ಲಿ."

"ಚೆನ್ನಾಜಮ್ಮ, ಹೋರಾಟ ಅಂದ್ರೆ ವ್ಯಾಪಾರ ಅಲ್ಲ ತಾಯಿ," ಅಂದರು ಮೇಷ್ಟ್ರು. "ಬಂದ್ ಮಾಡದೆ ಪ್ರತಿಭಟನೆ ಉಂಟಾ? ಎಲ್ಲಾದ್ರೂ ನೋಡಿದ್ದೀಯಾ?"

ಎಲ್ಲೂ ನೋಡಿರಲಿಲ್ಲ, ಪಾಪ. ಮುನೀರಣ್ಣನೂ "ದೊಡ್ಡವರು ಹೇಳ್ತಾರೆ, ಕೂತ್ಕೊಳಕ್ಕ" ಅಂದ. ಅವಳು ಕೂತಳು.

ಮಂಗಳವಾರ ಸಂಜೆ ಮೇಷ್ಟ್ರು ಒಂದು ಎಣ್ಣೆ ಡಬ್ಬಿ ಹಿಡಿದು ಬಂದರು. ಮೊದಲನೇ ನಂಬರಿನಿಂದ ಶುರುಮಾಡಿ ಎಲ್ಲ ಷಟರುಗಳನ್ನೂ ತಪಾಸಣೆ ಮಾಡಿದರು, ಪರೀಕ್ಷೆಯ ಹಿಂದಿನ ದಿನ ಬೆಂಚು ಎಣಿಸುವ ಹಾಗೆ. ನನ್ನ ಹತ್ತಿರ ಬಂದು ನಿಂತರು. "ಇದೇ ಅಲ್ವಾ ಅರ್ಧಕ್ಕೆ ನಿಲ್ಲೋದು? ನಾಳೆ ಇದೊಂದು ತೆರೆದಿದ್ರೆ ನಮ್ಮ ಮಾನ ಹೋಗುತ್ತೆ." ನನ್ನ ಎಡ ಅಂಚಿಗೆ ಪಟ್ಟಿ ಪಟ್ಟಿಗೂ ಎಣ್ಣೆ ಬಿಟ್ಟು, ಬಟ್ಟೆಯಲ್ಲಿ ಒರೆಸಿ, ಮತ್ತೆ ಬಿಟ್ಟರು. ಎಷ್ಟು ಹಾಯೆನಿಸಿತು ಅಂದರೆ, ಇಷ್ಟು ವರ್ಷದಲ್ಲಿ ನನಗೆ ಯಾರೂ ಹಾಗೆ ಆರೈಕೆ ಮಾಡಿರಲಿಲ್ಲ. ಅವತ್ತು ಕೆಲಸ ಮುಗಿಸಿ ಚೆನ್ನಾಜಮ್ಮ ಎಳೆದ ತಕ್ಷಣ ಸರ್ರನೆ ಇಳಿದುಬಿಟ್ಟೆ, ನೆಲಕ್ಕೆ ಮುಟ್ಟಿದೆ. ಒದೆಯೋಕೆ ಕಾಲೆತ್ತಿದ್ದವಳು ಎತ್ತಿದ ಕಾಲನ್ನು ಹಾಗೇ ಇಳಿಸಿದಳು. "ಅಯ್ಯೋ, ಇವತ್ತೇನು ಇಷ್ಟು ಒಳ್ಳೆ ಬುದ್ಧಿ ಬಂತು ನಿಂಗೆ?" ಅಂದಳು.

ಬುಧವಾರ ಹನ್ನೊಂದು ಗಂಟೆಗೆ ಅಧಿಕಾರಿ ಬಂದ. ಚಿಕ್ಕ ವಯಸ್ಸು, ಬಹಳ ವಿನಯ. ಮೇಷ್ಟ್ರ ಮನವಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಬಡಾವಣೆಯವರು ಅವನ ಬೆನ್ನ ಹಿಂದೆ ನಿಂತು ಘೋಷಣೆ ಕೂಗುತ್ತಿದ್ದರು. ಅವನು ಮುಂದೆ ನಡೆಯುತ್ತಾ ಒಂದೊಂದೇ ಮಳಿಗೆಯ ಫೋಟೋ ತೆಗೆದ. ಒಂದು, ಎರಡು, ಮೂರು. ನನ್ನದನ್ನು ಬಿಟ್ಟು ಮುಂದೆ ಹೋಗಿಬಿಟ್ಟಿದ್ದ. ಮೇಷ್ಟ್ರೇ ಕೂಗಿದರು: "ಸಾರ್, ಒಂಬತ್ತು ಬಿಟ್ಟುಹೋಯ್ತು. ಇದನ್ನೂ ತೆಗೀರಿ, ಇದೂ ಪೂರ್ತಿ ಬಂದ್!" ಅವನು ವಾಪಸ್ ಬಂದು ತೆಗೆದ.

ತಿಂಗಳಾದ ಮೇಲೆ ಸಮುದಾಯ ಭವನದಲ್ಲಿ ಅಹವಾಲು ಸಭೆ ನಡೆಯಿತು. ನಾನು ಹೋಗಲಾದೀತೆ? ಚೆನ್ನಾಜಮ್ಮ ಹೋಗಿದ್ದಳು. ವಾಪಸ್ ಬಂದವಳು ಬಾಗಿಲು ತೆಗೆಯದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮುನೀರಣ್ಣ ಓಡಿ ಬಂದು ಏನಾಯ್ತಕ್ಕ ಅಂದ.

"ನಮ್ಮ ಫೋಟೋನೇ ಗೋಡೆ ಮೇಲೆ ದೊಡ್ಡದಾಗಿ ಬಿಟ್ಟು ತೋರಿಸಿದ್ರು ಕಣೋ. ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕೂ ಮುಚ್ಚಿರೋದು. 'ಕೆಲಸದ ದಿನ, ಹನ್ನೊಂದು ಗಂಟೆ, ಒಂದೂ ಮಳಿಗೆ ನಡೀತಾ ಇಲ್ಲ. ಈ ಕಟ್ಟಡ ಯಾರಿಗೂ ಬೇಡ' ಅಂದ್ರು. ನಾನು ಎದ್ದು ನಿಂತು ಕೂಗಿದೆ, ಅವತ್ತು ಬಂದ್ ಇತ್ತು ಸ್ವಾಮಿ ಅಂತ. 'ಫೋಟೋ ಸುಳ್ಳು ಹೇಳುತ್ತಾ ಅಮ್ಮ' ಅಂದ, ಅವತ್ತು ಬಂದಿದ್ದ ಆ ಅಧಿಕಾರಿ. ಮೇಷ್ಟ್ರು ತಲೆ ತಗ್ಗಿಸ್ಕೊಂಡು ಕೂತಿದ್ರು."

ಮುನೀರಣ್ಣ ಅವಳ ಪಕ್ಕದಲ್ಲೇ ಕೂತ. "ಅವತ್ತು ನಾನೇ ಅಲ್ವಾ ನಿನ್ನ ಕೂರಿಸಿದ್ದು" ಅಂದ. ತಮ್ಮ ತಲೆಯ ಮೇಲೆ ತಾವೇ ಚಪ್ಪಡಿ ಎಳೆದುಕೊಂಡಿದ್ದರು, ಎಲ್ಲ ಸೇರಿ.

ಎಲ್ಲ ಸೇರಿ ಎಲ್ಲಿ ಬಂತು! ಸಂಘದವರು ಕೋರ್ಟಿಗೆ ಹೋದರು. ಅಲ್ಲಿ ರಾಜಿಯಾಯಿತು. ಹದಿನಾಲ್ಕು ಅಂತಸ್ತು ಹನ್ನೊಂದಕ್ಕಿಳಿಯಿತು. ಬಡಾವಣೆಯ ಮನೆಗಳ ಕಡೆಗೆ ಎತ್ತರದ ಕಾಂಪೌಂಡು, ಕಾರುಗಳಿಗೆ ಹಿಂದಿನ ರಸ್ತೆಯಿಂದ ಬೇರೆ ಗೇಟು. ಸೋಲಾರಿಗೆ ಬಿಸಿಲು ಉಳಿಯಿತು. ರಾಜಿಯ ಕಾಗದದಲ್ಲಿ ಬಡ ವ್ಯಾಪಾರಿಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಬ್ಯಾನರನ್ನು ಯಾರೋ ಕಾರಿಗೆ ಹೊದಿಸಿದ್ದು ನಾನೇ ನೋಡಿದೆ.

ಖಾಲಿ ಮಾಡುವ ದಿನ ಚೆನ್ನಾಜಮ್ಮ ಗಿರಣಿ ಕಲ್ಲು ಬಿಚ್ಚಿಸುತ್ತಿದ್ದಳು. ಮೇಷ್ಟ್ರು ಲಾಡಿನ ಪೊಟ್ಟಣ ಹಿಡಿದು ಬಂದರು. ಮೂರು ಅಂತಸ್ತು ಇಳಿಸಿದ ಸಂತೋಷಕ್ಕೆ ಸಂಘದಿಂದ ಮನೆಮನೆಗೂ ಹಂಚುತ್ತಿದ್ದರು. ಅವರ ಮುಖ ಸಪ್ಪಗಿತ್ತು, ಅದನ್ನೂ ಹೇಳಬೇಕು.

"ನಮ್ಮ ಕೈಲಾದಷ್ಟು ಮಾಡಿದ್ವಿ ಚೆನ್ನಾಜಮ್ಮ. ನೀನು ಮುಂದೆ ಏನು ಮಾಡ್ತೀಯಾ?"

"ಬೈಪಾಸ್ ಹತ್ರ ಒಂದು ದೊಡ್ಡ ಮಿಲ್ಲಲ್ಲಿ ಚೀಲ ಹೊಲಿಯೋಕೆ ಕರೆದಿದ್ದಾರೆ."

ಅವಳು ಒಂದು ಲಾಡು ತೆಗೆದುಕೊಂಡು ಮುರಿದಳು. ಬಾಯಿಗೆ ಹಾಕಿಕೊಳ್ಳಲಿಲ್ಲ. ಬೆರಳಲ್ಲಿ ಪುಡಿ ಮಾಡಿ, ಹಿಟ್ಟು ನೋಡುವ ಹಾಗೆ ತಿಕ್ಕಿ ನೋಡಿದಳು.

"ಕಡ್ಲೆಹಿಟ್ಟು ಎಲ್ಲಿ ಬೀಸಿಸಿದ್ರಿ ಮೇಷ್ಟ್ರೇ?"

"ಅಂಗಡೀದು. ಪ್ಯಾಕೆಟ್ಟು," ಅಂದರು ಮೇಷ್ಟ್ರು, ನೆಲ ನೋಡುತ್ತಾ.

"ಹೂಂ. ಅಷ್ಟು ನುಣ್ಣಗಿಲ್ಲ," ಅಂದಳು. ಪುಡಿಯನ್ನು ಹೊಂಗೆ ಮರದ ಬುಡಕ್ಕೆ, ಇರುವೆಗಳಿಗೆ ಹಾಕಿ ಕೈ ಕೊಡವಿದಳು.

ಹೊರಡುವಾಗ ನನ್ನ ಹಿಡಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಎಳೆಯೋಕೆ ಹೋಗಲಿಲ್ಲ. ಮುಚ್ಚೋಕೆ ಒಳಗೆ ಏನೂ ಉಳಿದಿರಲಿಲ್ಲ.

ಈಗ ನಾನು ಗುಜರಿ ಅಂಗಡಿಯ ಹಿಂದೆ ಬಿದ್ದಿದ್ದೇನೆ. ಸ್ಪ್ರಿಂಗು ಬೇರೆ ಯಾರಿಗೋ ಮಾರಿಹೋಯಿತು. ಮೇಲೊಂದು ಬಚ್ಚಲ ಹಂಡೆ, ಕೆಳಗೆ ಮುರಿದ ಮಂಚ. ಮಾತಾಡಿಸುವವರಿಲ್ಲ, ಯೋಚನೆ ಮಾಡೋಕೆ ಬೇಕಾದಷ್ಟು ಹೊತ್ತು ಇದೆ. ಕಚೇರಿಯವರನ್ನು ಬೈದೆ, ಬಡಾವಣೆಯವರನ್ನು ಬೈದೆ, ಮೇಷ್ಟ್ರನ್ನಂತೂ ಮನಸಾರೆ ಬೈದೆ. ಬೈದು ಬೈದು ಕಡೆಗೆ ನನ್ನ ಹತ್ತಿರವೇ ಬಂದು ನಿಂತೆ. ಹತ್ತೊಂಬತ್ತು ವರ್ಷ ಆ ಹೆಂಗಸನ್ನು ದಿನಾ ಕಾಡಿದೆ, ಒದೆ ತಿಂದೆ, ಸುತ್ತಿಗೆ ಏಟು ತಿಂದೆ, ಆದರೂ ಅರ್ಧಕ್ಕೇ ನಿಲ್ಲುತ್ತಿದ್ದೆ. ಆ ಒಂದು ಸಲ ನಿಂತಿದ್ದರೆ ಸಾಕಿತ್ತು. ಮೊಣಕಾಲಷ್ಟು ಸಂದಿಯಲ್ಲಿ ಗಿರಣಿ, ಹಿಟ್ಟಿನ ಡಬ್ಬಗಳು, ಚೆನ್ನಾಜಮ್ಮನ ಚಪ್ಪಲಿ, ಎಲ್ಲ ಆ ಫೋಟೋದಲ್ಲಿ ಕಾಣುತ್ತಿದ್ದವು.

ಮಳೆ ಬಿದ್ದು ನನ್ನ ಮೈಯೆಲ್ಲ ತುಕ್ಕು ಹಿಡಿದಿದೆ, ಮುಟ್ಟಿದರೆ ಉದುರುತ್ತದೆ. ಎಡ ಅಂಚು ಒಂದಕ್ಕೆ ಮಾತ್ರ ಹಿಡಿದಿಲ್ಲ. ಮೇಷ್ಟ್ರು ಹಾಕಿದ ಎಣ್ಣೆ ಅಲ್ಲಿ ಇನ್ನೂ ಹಾಗೇ ಇದೆ.