ಕ್ಲಿಫ್ಟನ್‌ನ ಹತ್ತನೆಯ ಹಾಡು

ನಾನು ಹಲ್ಲಿನ ಡಾಕ್ಟರ ಹತ್ತಿರ ನರ್ಸ್. ಧಾರವಾಡದಿಂದ ಲಂಡನ್ನಿನ ಇಲ್ಫರ್ಡ್‌ಗೆ ಬಂದ ಮೇಲೆ ಕಲಿತ ಕೆಲಸ. ಕ್ಲಿನಿಕ್ಕಿನಲ್ಲಿ ಕಂಡದ್ದು ಕೇಳಿದ್ದು ಅಲ್ಲೇ ಉಳಿಯಬೇಕು ಎನ್ನುವುದು ಈ ಕೆಲಸದ ಮೊದಲ ಪಾಠ. ಅದು ನನಗೆಂದೂ ಭಾರವಾಗಿರಲಿಲ್ಲ. ೧೯೯೮ರ ಯುಗಾದಿಯ ಆ ವಾರ ಮಾತ್ರ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಓಡಾಡಿದೆ.

ಕ್ಲಿಫ್ಟನ್ ನಮ್ಮ ಬೀದಿಗಳಿಗೆ ಅಂಚೆ ಹಂಚುವವನು. ಜಮೈಕಾದಲ್ಲಿ ಹುಟ್ಟಿದವನು, ಐವತ್ತು ದಾಟಿದವನು, ಟ್ರಂಪೆಟ್ ಊದುವವನು. ಅವನ ಬ್ಯಾಂಡಿನಲ್ಲೇ ನನ್ನ ಮಗಳು ವಿಭಾ ಟ್ರಾಂಬೋನ್ ಊದುತ್ತಾಳೆ. ಅವರು ಬಾರಿಸುವುದಕ್ಕೆ ಸ್ಕಾ ಅಂತ ಹೆಸರು, ಜಮೈಕಾದ ಸಂಗೀತ. ನಾವು ತಾಳ ಹಾಕುವ ಹೊತ್ತಿಗೆ ಅವರ ಗಿಟಾರು ಸುಮ್ಮನಿರುತ್ತದೆ. ನಾವು ಕೈ ಎತ್ತಿದಾಗ ಚಕ್ ಎನ್ನುತ್ತದೆ. ಮೊದಮೊದಲು ನನಗೆ ಬಿಕ್ಕಳಿಕೆ ಹತ್ತಿದವರ ಪಕ್ಕ ಕೂತ ಹಾಗಾಗುತ್ತಿತ್ತು.

ಕ್ಲಿಫ್ಟನ್ ಹುಡುಗನಾಗಿದ್ದಾಗ ಒಂದು ರಾಕ್ ಆಲ್ಬಂ ಈ ಊರಿನವರಿಗೆಲ್ಲ ಹುಚ್ಚು ಹಿಡಿಸಿತ್ತಂತೆ. ಇದು ನಮ್ಮ ಸಂಗೀತ, ನಿನಗೇನು ತಿಳಿಯುತ್ತದೆ ಎಂದಿದ್ದರಂತೆ ಶಾಲೆಯ ಹುಡುಗರು. ಅವನು ಆ ಗ್ರಾಮಫೋನ್ ತಟ್ಟೆ ಕೊಂಡು, ಹತ್ತು ಹಾಡನ್ನೂ ಬಾಯಿಪಾಠ ಮಾಡಿದ. ಮುದುಕನಾಗುವ ಹೊತ್ತಿಗೆ ಹತ್ತನ್ನೂ ಸ್ಕಾ ಮಾಡಿ ಕೂರಿಸಿದ. ಅದೇ ಕ್ರಮದಲ್ಲಿ, ಒಂದನ್ನೂ ಬಿಡದೆ, ಒಂದೇ ಸಲ ಬಾರಿಸಬೇಕೆಂಬ ಹಟ. ಎರಡು ಪಬ್ಬುಗಳಲ್ಲಿ ಪ್ರಯತ್ನಿಸಿದ್ದರು. ಒಂದರಲ್ಲಿ ಮುಚ್ಚುವ ಗಂಟೆ ಹೊಡೆಯಿತು, ಇನ್ನೊಂದರಲ್ಲಿ ಪಕ್ಕದ ಮನೆಯವರು ಗಲಾಟೆ ಮಾಡಿದರು. ಹತ್ತನೆಯ ಹಾಡು ಬರಲೇ ಇಲ್ಲ. ಆ ಹಾಡಿನಲ್ಲಿ ಇರುವುದೆಲ್ಲ ಅವನ ಟ್ರಂಪೆಟ್ಟೇ.

ಯುಗಾದಿಗೆ ಮುಂಚಿನ ಮಂಗಳವಾರ ಅವನು ನಮ್ಮ ಕ್ಲಿನಿಕ್ಕಿನ ಕುರ್ಚಿಯಲ್ಲಿ ಮಲಗಿದ್ದ. ವಸಡು ಪೂರ್ತಿ ಕೆಟ್ಟಿತ್ತು. ಮೇಲಿನ ಮುಂದಿನ ನಾಲ್ಕು ಹಲ್ಲು ತೆಗೆಯಲೇಬೇಕು, ಸೋಮವಾರ ಬಾ ಎಂದರು ಡಾಕ್ಟರು. ಟ್ರಂಪೆಟ್ ಒತ್ತುವುದು ಆ ಹಲ್ಲುಗಳ ಮೇಲೆಯೇ. ಕಟ್ಟಿಸಿಕೊಂಡ ಹಲ್ಲಿನಲ್ಲಿ ಮತ್ತೆ ಊದಬಹುದೇ ಎಂದು ಕೇಳಿದ. ಆ ಮಾತು ಕೊಡಲಾರೆ ಎಂದರು ಡಾಕ್ಟರು. ಹೊರಡುವಾಗ ಅವನು ನನ್ನ ಕಡೆ ತಿರುಗಿ, "ಬ್ಯಾಂಡಿನ ಹುಡುಗರಿಗೆ ಗೊತ್ತಾಗಬಾರದು. ಗೊತ್ತಾದರೆ ಅಯ್ಯೋ ಪಾಪ ಅಂತ ಬಾರಿಸುತ್ತಾರೆ, ಹಾಡು ಕೆಡುತ್ತದೆ" ಎಂದ.

ಆ ಶನಿವಾರ ಅವರಿಗೆ ಒಂದು ಪಬ್ಬು ಸಿಕ್ಕಿತ್ತು. ಗುರುವಾರ ಪಬ್ಬಿನವನು ಫೋನ್ ಮಾಡಿ, ಫುಟ್‌ಬಾಲ್ ಇದೆ, ಬೇಡ ಎಂದ. "ಹೋಗ್ಲಿ ಬಿಡು ಅಮ್ಮಾ, ಮುಂದಿನ ತಿಂಗಳು ಮಾಡಿದರಾಯ್ತು" ಎಂದಳು ವಿಭಾ, ಇಂಗ್ಲಿಷಿನಲ್ಲಿ, ಟೋಸ್ಟಿಗೆ ಬೆಣ್ಣೆ ಸವರುತ್ತ. ಮುಂದಿನ ತಿಂಗಳು ಇಲ್ಲ ಮಗಳೇ ಎಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿದೆ. ಶನಿವಾರ ನಮ್ಮ ಕನ್ನಡ ಸಂಘದ ಯುಗಾದಿ, ನಾನು ಅದರ ಸಾಂಸ್ಕೃತಿಕ ಕಾರ್ಯದರ್ಶಿ. ಅಂದೇ ಅವರನ್ನು ಕಾರ್ಯಕ್ರಮಕ್ಕೆ ಸೇರಿಸಿಬಿಟ್ಟೆ. ಸಂಘದ ಅಧ್ಯಕ್ಷ ಶಾಂತಪ್ಪನವರಿಗೆ "ಮಕ್ಕಳ ವಾದ್ಯ, ಅರ್ಧ ಗಂಟೆ" ಎಂದು ಸುಳ್ಳು ಹೇಳಿದೆ. ನನಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ.

ಶಾಲೆಯ ಹಾಲಿನಲ್ಲಿ ರೇಷ್ಮೆ ಸೀರೆಗಳ ಮುಂದೆ ಬ್ಯಾಂಡು ಶುರುವಾಯಿತು. ನಮ್ಮವರು ಮೂರನೆಯ ಹಾಡಿಗೇ ಭಜನೆಯ ಚಪ್ಪಾಳೆ ಹಚ್ಚಿದರು, ಅದೂ ಗಿಟಾರು ಸುಮ್ಮನಿರುವ ಜಾಗದಲ್ಲೇ. ಡ್ರಮ್ಮಿನ ಹುಡುಗ ನಗು ತಡೆಯಲಾರದೆ ಒದ್ದಾಡಿದ. ಆರನೆಯದಕ್ಕೆ ಅರ್ಧ ಗಂಟೆ ಮುಗಿಯಿತು. ಎಂಟನೆಯದಕ್ಕೆ ಅಡುಗೆಮನೆಯಿಂದ ಕೃಷ್ಣವೇಣಿ ಬಂದು, ಬಿಸಿಬೇಳೆ ಬಾತ್ ಗಟ್ಟಿಯಾಗ್ತಿದೆ ಎಂದು ನನ್ನ ಕಿವಿಯಲ್ಲಿ ಊದಿ ಹೋದಳು. ಶಾಂತಪ್ಪನವರು ಎದ್ದೇ ಬಂದರು.

"ಸುವರ್ಣಾ ಅವರ, ಇದು ಮುಗಿಯೂದೈತೋ ಇಲ್ಲೋ?"

"ಇನ್ನ ಎರಡ ಹಾಡು ಐತ್ರಿ, ಸರ್."

"ಬಿಟ್ಟರ ಏನಾಗ್ತೈತಿ?"

"ಬಿಡಾಕ ಬರೂದಿಲ್ರಿ."

"ಯಾಕ ಅಂತ ಹೇಳ್ರಿ ಮತ್ತ."

"ಹೇಳಾಕೂ ಬರೂದಿಲ್ರಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ವೇದಿಕೆಯ ಮೆಟ್ಟಿಲು ಬಿಟ್ಟು ಕದಲಲಿಲ್ಲ. ಒಂಬತ್ತನೆಯ ಹಾಡು ಮುಗಿದು ಕ್ಲಿಫ್ಟನ್ ತುಟಿ ಒರೆಸಿಕೊಳ್ಳಲು ನಿಂತಿದ್ದೇ ತಡ, ಅವರು ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಹಿಡಿದವರನ್ನು ಕಟ್ಟಿಕೊಂಡು ಇನ್ನೊಂದು ಕಡೆಯಿಂದ ವೇದಿಕೆ ಹತ್ತಿಬಿಟ್ಟರು. ಎಲ್ಲರಿಗೂ ಶಾಲು ಬಿತ್ತು. ಕ್ಲಿಫ್ಟನ್ ಕೊರಳಿಗೆ ಹಾರ ಬಿತ್ತು. ಸನ್ಮಾನ ಆದ ಮೇಲೆ ವಂದನಾರ್ಪಣೆ, ವಂದನಾರ್ಪಣೆ ಆದ ಮೇಲೆ ಊಟ. ಊಟಕ್ಕೆ ಕರೆದ ಮೇಲೆ ನಮ್ಮವರನ್ನು ಕೂರಿಸಲು ಯಾರಿಂದಲೂ ಆಗುವುದಿಲ್ಲ. ಹಿಂದಿನ ಸಾಲಿನಲ್ಲಿ ಆಗಲೇ ಕುರ್ಚಿ ಸರಿಯುವ ಸದ್ದು. ವಿಭಾ ಟ್ರಾಂಬೋನ್ ಕೆಳಗಿಟ್ಟಳು. ಕ್ಲಿಫ್ಟನ್ ಯಾರನ್ನೂ ನೋಡಲಿಲ್ಲ, ಟ್ರಂಪೆಟ್ಟನ್ನು ಎದೆಗೆ ಹಿಡಿದುಕೊಂಡು ನಿಂತಿದ್ದ. ಅವನನ್ನು ನೋಡಿ ನನಗೆ ಅಧ್ಯಕ್ಷರ ಮೇಲೆ ತಡೆಯಲಾರದ ಸಿಟ್ಟು ಬಂತು.

ವೇದಿಕೆಗೆ ಹೋಗಿ ಮೈಕು ತೆಗೆದುಕೊಂಡೆ. ಅಧ್ಯಕ್ಷರ ಕೈಯಿಂದಲೇ ತೆಗೆದುಕೊಂಡೆ.

"ಸನ್ಮಾನ ಮಾಡಿಸಿಕೊಂಡ ಕಲಾವಿದರನ್ನು ಭೈರವಿ ಇಲ್ಲದೆ ಕಳಿಸುವ ಪದ್ಧತಿ ಧಾರವಾಡದಲ್ಲಿಲ್ಲ. ಕಛೇರಿ ಮುಗಿಯುವುದು ಭೈರವಿಯಿಂದಲೇ. ಇವರ ಭೈರವಿ ಇನ್ನೂ ಬಾಕಿ ಇದೆ. ಇದನ್ನು ಶಾಂತಪ್ಪ ಸರ್‌ಗೆ ನಾನು ಹೇಳಿಕೊಡಬೇಕಾಗಿಲ್ಲ."

ಶಾಂತಪ್ಪನವರು ನನ್ನನ್ನು ಕೊಂದುಹಾಕುವ ಹಾಗೆ ನೋಡಿದರು. ಆದರೆ ಅವರು ಧಾರವಾಡದ ಮನುಷ್ಯ. ಹುಡುಗನಾಗಿದ್ದಾಗ ಬೆಳತನಕ ಜಮಖಾನೆಯ ಮೇಲೆ ಕೂತು ಕಛೇರಿ ಕೇಳಿದವರು. ಭೈರವಿ ಎಂದ ಮೇಲೆ ಅವರಿಂದ ಎದ್ದು ಹೋಗಲು ಸಾಧ್ಯವೇ ಇರಲಿಲ್ಲ. ಮೆಲ್ಲಗೆ ಇಳಿದು ಮುಂದಿನ ಸಾಲಿನಲ್ಲಿ ಕೂತು, ಕೈ ಕಟ್ಟಿದರು. ಅವರು ಕೂತ ಮೇಲೆ ಉಳಿದವರಿಗೆ ಎದ್ದು ಹೋಗುವ ಧೈರ್ಯವೆಲ್ಲಿ? ಕುರ್ಚಿಗಳು ಮತ್ತೆ ಸಾಲಿಗೆ ಬಂದವು.

ಕ್ಲಿಫ್ಟನ್ ಹಾರವನ್ನು ಬೆನ್ನಿಗೆ ಸರಿಸಿ ಊದಿದ. ನಿಧಾನದ ಹಾಡು. ಈ ಸಲ ನಮ್ಮವರು ಯಾರೂ ಚಪ್ಪಾಳೆ ಹಚ್ಚಲಿಲ್ಲ. ಎಲ್ಲೂ ಆತುರಪಡದೆ, ಎಲ್ಲೂ ನಿಲ್ಲಿಸದೆ ಊದಿದ. ಅವನ ತುಟಿಯ ಅಂಚಿನಲ್ಲಿ ರಕ್ತ ಕಂಡದ್ದು ನನಗೊಬ್ಬಳಿಗೇ. ಎಲ್ಲಿ ನೋಡಬೇಕೆಂದು ಗೊತ್ತಿದ್ದವಳು ನಾನೊಬ್ಬಳೇ. ನನಗೆ ಅಳು ಬಂತು. ಅದನ್ನು ನೋಡಿದ್ದ ವಿಭಾ ಆಮೇಲೆ, ಅಮ್ಮನಿಗೆ ಕೊನೆಗೂ ಸ್ಕಾ ಹಿಡಿಸಿತು ಎಂದಳು. ನಾನೂ ಹೂಂ ಅಂದೆ.

ಸೋಮವಾರ ಕ್ಲಿಫ್ಟನ್ ಕುರ್ಚಿಯಲ್ಲಿ ಮಲಗಿದ. ಸೂಜಿ ಹಾಕುವ ಮುಂಚೆ, ಏನಾದರೂ ಕೇಳುವುದಿದೆಯೇ ಎಂದರು ಡಾಕ್ಟರು. ಅವನು ಅವರನ್ನು ಬಿಟ್ಟು ನನ್ನನ್ನು ಕೇಳಿದ.

"ಕೊನೆಯದು ಹೇಗಿತ್ತು, ನಿಜ ಹೇಳು."

"ನಡುವೆ ಒಂದು ಕಡೆ ಸ್ವರ ಜಾರಿತು," ಎಂದೆ. "ಉಳಿದದ್ದೆಲ್ಲ ಸರಿಯಿತ್ತು."

ಅವನು ಗಟ್ಟಿಯಾಗಿ ನಕ್ಕ. ನಕ್ಕ ಬಾಯನ್ನು ಹಾಗೇ ತೆರೆದಿಟ್ಟು ಡಾಕ್ಟರ ಕಡೆ ತಿರುಗಿದ.