ತಟ್ಟಿದವರೇ ತೆಗೆಯುವ ಬಾಗಿಲು

ಜೈಲಿನಿಂದ ಬಿಡುಗಡೆಯಾದವರು ತಮ್ಮದೊಂದು ಸೂರು ಸಿಗುವವರೆಗೆ ತಂಗಲೆಂದು ಇರುವ ಆ ಮಹಡಿ ಮನೆಯಲ್ಲಿ ಬಾಗಿಲುಗಳು ಸರಿಯಾಗಿ ಮುಚ್ಚುತ್ತಿದ್ದರೆ ಅದು ಅಲ್ಲೇ ತಂಗಿದ್ದ ಬಡಗಿಯ ಕೃಪೆ. ಬಂದ ವಾರದಲ್ಲೇ ಒಂದೊಂದನ್ನೂ ಕಳಚಿ, ಅಂಚು ಹೆರೆದು, ಕೀಲಿಗೆ ಎಣ್ಣೆ ಬಿಟ್ಟು, ಕುಂಯ್‌ಗುಟ್ಟುತ್ತಿದ್ದವುಗಳ ಬಾಯನ್ನೆಲ್ಲ ಮುಚ್ಚಿಸಿದ್ದ. ಊರಿಗೆಲ್ಲ ಬಾಗಿಲು ಕೂಡಿಸಬಲ್ಲ ಆಸಾಮಿ. ಆದರೆ ತನ್ನ ಕೋಣೆಯ ಬಾಗಿಲಲ್ಲೇ ಎಡವಿದ.

ಮನೆ ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು, ಅವರಿಗಿಂತ ಹಿರಿಯನಾದ ಬಡಗಿ ಕೂಡ. ಒಂದು ಸಂಜೆ ಅಕ್ಕ ಕೋಣೆಗೆ ಬಂದರು.

"ನಿಮ್ಮ ಮಗಳು ಫೋನ್ ಮಾಡಿದ್ರು. ಭಾನುವಾರ ಬರ್ತಾರಂತೆ."

ಬಡಗಿಗೆ ಕೂತಲ್ಲಿ ಕೂರಲಾಗಲಿಲ್ಲ. "ಏನಂದಳು? ಅದನ್ನ ಹೇಳಿ."

"'ಅವರು ಹೇಗಿದ್ದಾರೆ' ಅಂತ ಕೇಳಿದ್ರು."

ಅವರು! ಆ ಮಾತು ಎದೆಗೆ ಚುಚ್ಚಿತು. ಅವನು ಒಳಗೆ ಹೋದಾಗ ಅವಳಿನ್ನೂ ಶಾಲೆಯ ಹುಡುಗಿ. ತಾಯಿ ತೀರಿಕೊಂಡ ಮೇಲೆ ಚಿಕ್ಕಮ್ಮ ಸಾಕಿದಳು, ಮದುವೆಯೂ ಆಯಿತು. ಅಷ್ಟು ವರ್ಷ ಕಂಬಿಯ ಹಿಂದೆ ಅವನು ಬಯಸಿದ್ದು ಬಿಡುಗಡೆಯನ್ನಲ್ಲ. ಅವಳ ಬಾಯಲ್ಲಿ ಇನ್ನೊಂದು ಸಲ 'ಅಪ್ಪ' ಎಂಬ ಮಾತು ಕೇಳಬೇಕು, ಅಷ್ಟೇ. ಈಗ ನೋಡಿದರೆ 'ಅವರು'.

ಭಾನುವಾರ ಗಡ್ಡ ಹೆರೆದುಕೊಂಡ. ಎದುರು ಕೋಣೆಯ ಅಡುಗೆಯವನಿಂದ ಒಂದು ಕುರ್ಚಿ ಕಡ ತಂದ. ಅವನೂ ಅದೇ ಜೈಲಿನ ಗಿರಾಕಿ. "ಮದುವೆ ಗಂಡಿನ ಹಾಗೆ ಆಡ್ತಿದ್ದೀಯಲ್ಲಯ್ಯಾ!" ಎಂದು ರೇಗಿಸಿದ. ಬಡಗಿಗೆ ನಗಲೂ ಪುರುಸೊತ್ತಿಲ್ಲ. ಬಿಸ್ಕತ್ತನ್ನು ತಟ್ಟೆಯಲ್ಲಿ ಜೋಡಿಸಿದ, ಕೆಡಿಸಿದ, ಮತ್ತೆ ಜೋಡಿಸಿದ.

ಬಾಗಿಲು ತಟ್ಟಿದ ಸದ್ದಾಯಿತು.

ಬಡಗಿ ದಡಬಡಿಸಿ ಎದ್ದು, ಮಂಚದ ಪಕ್ಕ ನೆಟ್ಟಗೆ ನಿಂತ. ಕೈ ಬೆನ್ನ ಹಿಂದೆ, ಕಣ್ಣು ನೆಲದ ಮೇಲೆ. ಜೈಲಿನಲ್ಲಿ ಹಾಗೆಯೇ. ಬಾಗಿಲು ತಟ್ಟಿದರೆ ಎದ್ದು ನಿಲ್ಲಬೇಕು, ತಟ್ಟಿದವರೇ ತೆಗೆಯುತ್ತಾರೆ. ಒಳಗಿದ್ದವನು ಕೈ ಹಚ್ಚಿದರೆ ಬೆನ್ನು ಹಣ್ಣಾಗುತ್ತಿತ್ತು. ಈ ಮನೆಯವರೆಲ್ಲ ಅದೇ ಗರಡಿಯವರು, ತಟ್ಟಿ ತಾವೇ ತಳ್ಳಿಕೊಂಡು ಬರುತ್ತಿದ್ದರು. ಅಕ್ಕನಿಗೂ ಅದೇ ರೂಢಿಯಾಗಿತ್ತು. ಹಾಗಾಗಿ ತನ್ನಲ್ಲಿ ಇಂಥದ್ದೊಂದು ಉಳಿದುಕೊಂಡಿದೆ ಎಂದು ಅವನಿಗೆ ಗೊತ್ತಾಗುವುದಾದರೂ ಹೇಗೆ?

ಮತ್ತೆ ತಟ್ಟಿದ ಸದ್ದಾಯಿತು. ಚಿಲಕ ಹಾಕಿರಲಿಲ್ಲ, ತಳ್ಳಿದರೆ ಸಾಕಿತ್ತು. ಯಾಕೆ ಬರುತ್ತಿಲ್ಲ? ನನ್ನ ಮುಖ ನೋಡಲು ಮನಸ್ಸು ಹಿಂಜರಿಯುತ್ತಿದೆಯೇನೋ, ಎಂದುಕೊಂಡ. ಆಚೆ ನಿಂತವಳೂ ಅದನ್ನೇ ಅಂದುಕೊಳ್ಳುತ್ತಿದ್ದಳು. ಒಂದು ಹಲಗೆಯ ಈಚೆಗೊಬ್ಬ, ಆಚೆಗೊಬ್ಬಳು.

ಆಮೇಲೆ ಚಪ್ಪಲಿಯ ಸದ್ದು ಮೆಟ್ಟಿಲು ಇಳಿಯತೊಡಗಿತು.

ಅವನು ಬಾಗಿಲತ್ತ ನುಗ್ಗಿದ. ಕೈ ತಾನಾಗಿ ಹೋಗಲಿಲ್ಲ. ಹೋಗು, ಹೋಗು ಎಂದು ಕಳಿಸಬೇಕಾಯಿತು. ಬಾಗಿಲು ತೆರೆದು ಬರಿಗಾಲಲ್ಲೇ ಓಡಿದ. ಮೆಟ್ಟಿಲ ತಿರುವಿನಲ್ಲಿ ಅವಳು ತಿರುಗಿ ನೋಡಿದಳು. ತಾಯಿಯದೇ ಹಣೆ, ತಾಯಿಯದೇ ಸಿಡುಕು.

"ನನ್ನನ್ನ ನೋಡೋಕೆ ಇಷ್ಟ ಇಲ್ಲದಿದ್ರೆ ಮೊದಲೇ ಹೇಳಿಸಬಹುದಿತ್ತು ನೀವು."

"ಅಯ್ಯೋ, ಹಾಗಲ್ಲಮ್ಮ." ಅವನಿಗೆ ಉಸಿರು ಸಾಲಲಿಲ್ಲ. "ಬಾಗಿಲು ತೆಗೀಬೇಕಾದವನು ನಾನು ಅಂತ ಹೊಳೀಲೇ ಇಲ್ಲ. ಅಲ್ಲಿ ತಟ್ಟಿದವರೇ ತೆಗೀತಾರೆ. ನೀನು ತೆಗೀತೀಯ ಅಂತ ಕಾಯ್ತಾ ನಿಂತಿದ್ದೆ."

ಅವಳು ಅವನ ಬರಿಗಾಲನ್ನೇ ನೋಡಿದಳು. ಮೆಟ್ಟಿಲು ಹತ್ತಿ ಮೇಲೆ ಬಂದಳು.

ಚಹಾ ಕುಡಿದಳು, ಬಿಸ್ಕತ್ತು ಮುಟ್ಟಲಿಲ್ಲ. ಲೋಟವನ್ನು ನೋಡುತ್ತಲೇ ಹೇಳಿದಳು: "ನಿಮ್ಮನ್ನ ಮನೆಗೆ ಕರೆಯೋಕಾಗಲ್ಲ. ನಮ್ಮತ್ತೆಗೆ ನೀವು ಬದುಕಿರೋದೇ ಗೊತ್ತಿಲ್ಲ."

"ಬೇಡಮ್ಮ. ನೀನು ಬಂದ್ಯಲ್ಲ, ಅಷ್ಟೇ ಸಾಕು."

ಸಾಕಾಗಿರಲಿಲ್ಲ. ಅವಳ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಅವಳು ಬೈಯುವುದನ್ನಾದರೂ ಕೇಳುವ ಆಸೆ ಅವನಿಗೆ. ಆಸೆಯನ್ನು ಚಹಾದ ಜೊತೆ ನುಂಗಿಕೊಂಡ.

ಅವಳು ಎದ್ದಳು. ಹೊರಗೆ ಹೋಗಿ ಬಾಗಿಲೆಳೆದುಕೊಂಡಳು. ಅವನೇ ಹೆರೆದು ಕೂಡಿಸಿದ ಬಾಗಿಲು, ಸದ್ದಿಲ್ಲದೆ ಮುಚ್ಚಿತು. ಚಪ್ಪಲಿಯ ಸದ್ದಿಗಾಗಿ ಕಿವಿಗೊಟ್ಟ. ಅದು ಇಳಿದು ಹೋಗುವಷ್ಟು ಹೊತ್ತಾದರೂ ಅವಳದ್ದೇನೋ ಒಂದು ಕೇಳಿಸುತ್ತಿರುತ್ತದಲ್ಲ! ಸದ್ದೇ ಬರಲಿಲ್ಲ.

ಬಾಗಿಲು ತಟ್ಟಿದ ಸದ್ದು.

ಹಾಳಾದ ಅಭ್ಯಾಸ. ಬಡಗಿ ಮಂಚದ ಪಕ್ಕ ನೆಟ್ಟಗೆ ನಿಂತುಬಿಟ್ಟಿದ್ದ.

ಮತ್ತೆ ತಟ್ಟಿದಳು. ಈ ಸಲ ಬೆರಳಲ್ಲಲ್ಲ, ಶಾಲೆಯಿಂದ ಹಸಿದು ಬಂದ ಹುಡುಗಿ ಬಡಿಯುವ ಹಾಗೆ, ಇಡೀ ಅಂಗೈಯಲ್ಲಿ.

"ಅಪ್ಪಾ, ತೆಗಿ. ನೀನೇ ತೆಗೀಬೇಕು. ಅಲ್ಲೀವರೆಗೂ ನಾನು ಹೋಗಲ್ಲ."

ಈ ಸಲ ಕೈಯನ್ನು ಯಾರೂ ಕಳಿಸಬೇಕಾಗಲಿಲ್ಲ. ಬಾಗಿಲ ಹಿಡಿಕೆಯ ಮೇಲೆ ಅದು ತಾನೇ ಹೋಗಿ ಕೂತಿತು. ಆದರೆ ಅವನು ಕೂಡಲೇ ಎಳೆಯಲಿಲ್ಲ. ಅವಳು ಇನ್ನೊಂದು ಸಲ ಕೂಗಲಿ ಎಂದು ಒಂದು ಗಳಿಗೆ ಹಾಗೇ ನಿಂತ.